ರೀಲು ತೊಳೆಸಿ ಅಲ್ಲಿಗೇ ನಿಲ್ಲಿಸಿದವರಿಗೆ ಒಂದು ಬಹಿರಂಗ ಪತ್ರ

ಮತ್ತೆ ಫಿಲಂ ಕ್ಯಾಮೆರಾ ಕೈಗೆತ್ತಿಕೊಂಡಿರುವ ಪ್ರೀತಿಯ ಗೆಳೆಯ ಗೆಳತಿಯರೇ,

ಅಜ್ಜನ ಟ್ರಂಕಿನಿಂದ ಯಾಶಿಕಾ ಹೊರತೆಗೆದವರು, ಚೌಕಾಸಿ ಮಾಡಿ ಪೆಂಟಾಕ್ಸ್ ಕೆ-1000 ತಂದವರು, ಸೋದರಮಾವನ ಮನೆಯ ಶೋಕೇಸಿನಲ್ಲಿ ಧೂಳು ಹಿಡಿದಿದ್ದ ಆಗ್ಫಾ ಕ್ಲಿಕ್-3 ಒರೆಸಿ ರೀಲು ಹಾಕಿದವರು, ನಿಮಗೆಲ್ಲ ಈ ಪತ್ರ. ಇವತ್ತು ಒಂದು ಕಪ್ಪು ಬಿಳುಪು ರೀಲಿಗೆ ಎಷ್ಟು ದುಡ್ಡು ಬೀಳುತ್ತದೆಂದು ನನಗೆ ಗೊತ್ತು. ಅಷ್ಟು ಕೊಟ್ಟು ಕೊಂಡು, 36 ಚಿತ್ರಗಳನ್ನು ಯೋಚಿಸಿ ಯೋಚಿಸಿ ತೆಗೆದು, ಲ್ಯಾಬಿಗೆ ಕೊರಿಯರ್ ಮಾಡಿ, ಕಾದು, ಕೊನೆಗೆ ಫೋನಿಗೆ ಬಂದ ಸ್ಕ್ಯಾನುಗಳನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳುತ್ತೀರಿ. ವಾಪಸ್ ಬಂದ ನೆಗೆಟಿವ್ ಕವರನ್ನು ಬಿಚ್ಚದೆ ಡ್ರಾಯರಿಗೆ ಹಾಕಿದವರಿದ್ದಾರೆ. ನೆಗೆಟಿವ್ ಬೇಡ, ಸ್ಕ್ಯಾನ್ ಸಾಕು ಎಂದು ಲ್ಯಾಬಿನವರಿಗೇ ಬಿಟ್ಟುಬಿಟ್ಟವರೂ ಇದ್ದಾರೆ. ಅದನ್ನು ಕೇಳಿದಾಗ ಆದ ಸಂಕಟದಿಂದಲೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ನಿಮ್ಮ ಮನೆಯ ಬಚ್ಚಲಲ್ಲಿ, ನಿಮ್ಮದೇ ನೆಗೆಟಿವ್ ಒಂದರಿಂದ, ನಿಮ್ಮ ಕೈಯಾರೆ ಒಂದು ಪ್ರಿಂಟು ಹಾಕಿ. ಅದೇ ನೆಗೆಟಿವ್ ಹಿಡಿದು ಒಂದು ತಿಂಗಳು ಬಿಡದೆ ಹಾಕುತ್ತಿರಿ. ಆಮೇಲೆ ನೀವು ಕ್ಯಾಮೆರಾ ಹಿಡಿಯುವ ರೀತಿಯೇ ಬೇರೆಯಾಗುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಸ್ಕ್ಯಾನಿನಲ್ಲಿ ನಿಮ್ಮ ಕೈಗೆ ಬರುವುದು ಇನ್ನೊಬ್ಬರ ತೀರ್ಮಾನ. ನೆರಳು ಎಷ್ಟು ಕಪ್ಪಿರಬೇಕು, ಆಕಾಶದಲ್ಲಿ ಮೋಡ ಉಳಿಯಬೇಕೋ ಬೇಡವೋ, ಅಜ್ಜಿಯ ಮುಖದ ಸುಕ್ಕು ಎಷ್ಟು ಎದ್ದು ಕಾಣಬೇಕು ಎನ್ನುವುದನ್ನೆಲ್ಲ ಅಲ್ಲಿನ ಯಂತ್ರ ತನ್ನ ಲೆಕ್ಕದಲ್ಲಿ ಮುಗಿಸಿರುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದರು. ಲೈಟ್ ಮೀಟರ್ ಕೈಗೆ ಸಿಗದೆ, ಚಂದ್ರನ ಬೆಳಕಿನ ಅಳತೆ ನೆನಪಿದ್ದ ಕಾರಣ ಅದರ ಮೇಲೆ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಗೋರಿಗಳ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿತ್ತು. ಇದ್ದ ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟು ಹಾಕಿದರು. ಮೊದಮೊದಲಿನವುಗಳಲ್ಲಿ ಆಕಾಶ ಬೂದು ಬಣ್ಣ, ಅದರಲ್ಲಿ ಮೋಡದ ತೆಳು ಎಳೆಗಳು. 1948ರಲ್ಲಿ ನೆಗೆಟಿವ್‌ನ ಕೆಳಭಾಗ ತೀರಾ ತೆಳುವಾಗಿದೆ ಎನ್ನಿಸಿ ಅಷ್ಟನ್ನೇ ರಾಸಾಯನಿಕದಲ್ಲಿ ಅದ್ದಿ ದಟ್ಟ ಮಾಡಿದರು. ಮುಂದಿನ ವರ್ಷಗಳ ಪ್ರಿಂಟುಗಳಲ್ಲಿ ಆಕಾಶ ಕಡುಗಪ್ಪಾಗುತ್ತಾ ಹೋಗುತ್ತದೆ. ಅದೇ ಚಂದ್ರ, ಅದೇ ಹಳ್ಳಿ. ಬದಲಾದದ್ದು ಪ್ರಿಂಟು ಹಾಕುವವನ ಕಣ್ಣು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು ಪುಸ್ತಕದಲ್ಲಾದರೂ ನೋಡಿರುತ್ತೀರಿ. ಕಾಡಿನ ಚಿತ್ರಗಳಿಗೆ ಹೆಸರಾದ ಟಿ. ಎನ್. ಎ. ಪೆರುಮಾಳ್ ಇದ್ದದ್ದು ಬೆಂಗಳೂರಿನಲ್ಲಿ. ಅಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಆ ಕಾಲದಲ್ಲಿ ಹವ್ಯಾಸಿಗಳು ದೊಡ್ಡ ದೊಡ್ಡ ಪ್ರಿಂಟು ಹಾಕಿ, ರಟ್ಟಿನ ನಡುವೆ ಕಟ್ಟಿ, ಹೊರದೇಶದ ಫೋಟೋ ಸಲೂನುಗಳಿಗೆ, ಅಂದರೆ ಸ್ಪರ್ಧಾ ಪ್ರದರ್ಶನಗಳಿಗೆ, ಅಂಚೆಯಲ್ಲಿ ಕಳಿಸುತ್ತಿದ್ದರು. ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ ದುಡಿದು ಬಂದು ರಾತ್ರಿ ಮನೆಯ ಬಚ್ಚಲಲ್ಲಿ ಕೆಂಪು ದೀಪ ಹಚ್ಚಿದವರೇ ಅವರಲ್ಲಿ ಬಹಳ ಮಂದಿ. ನೀವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ, ಬಿಟ್ಟುಹೋದ ಅಭ್ಯಾಸವೊಂದನ್ನು ಎತ್ತಿಕೊಂಡರೆ ಸಾಕು.

ಮೊದಲು ಕೋಣೆಯ ಮಾತು. ಬಚ್ಚಲು ಒಳ್ಳೆಯದು, ನೀರು ಅಲ್ಲೇ ಇದೆ, ಕಿಟಕಿ ಚಿಕ್ಕದು. ವೆಂಟಿಲೇಟರಿಗೆ ಕಪ್ಪು ರಟ್ಟು ಕತ್ತರಿಸಿ ಟೇಪು ಹಚ್ಚಿ, ಬಾಗಿಲ ಕೆಳಗಿನ ಸಂದಿಗೆ ದಪ್ಪ ಟವೆಲು ಸುತ್ತಿ ತುರುಕಿ. ಆಮೇಲೆ ಒಳಗೆ ನಿಂತು ದೀಪ ಆರಿಸಿ ಐದು ನಿಮಿಷ ಸುಮ್ಮನಿರಿ. ಮೊದಲ ನಿಮಿಷದಲ್ಲಿ ಏನೂ ಕಾಣುವುದಿಲ್ಲ, ಎಲ್ಲ ಸರಿಯಾಗಿದೆ ಎನ್ನಿಸುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೇ ಕೀಲಿನ ಸಂದಿ, ಬೀಗದ ತೂತು, ಗೀಸರಿನ ಪುಟ್ಟ ದೀಪ ಎಲ್ಲ ಒಂದೊಂದಾಗಿ ಗೋಚರಿಸುತ್ತವೆ. ಅವನ್ನು ಮುಚ್ಚಿ. ರಾತ್ರಿ ಊಟದ ಮೇಲೆ ಕೆಲಸ ಹೂಡಿದರೆ ಈ ತಾಪತ್ರಯ ಅರ್ಧ ಕಡಿಮೆ. ಕೋಣೆಯನ್ನು ಎರಡು ಪಾಲು ಮಾಡಿ: ಒಂದು ಕಡೆ ಒಣ ಕೆಲಸ, ಅಂದರೆ ನೆಗೆಟಿವ್ ಚಿತ್ರವನ್ನು ಪೇಪರಿನ ಮೇಲೆ ಹಿಗ್ಗಿಸಿ ಬೀಳಿಸುವ ಎನ್‌ಲಾರ್ಜರ್, ಪೇಪರು, ನೆಗೆಟಿವ್. ಇನ್ನೊಂದು ಕಡೆ ಒದ್ದೆ ಕೆಲಸ, ಅಂದರೆ ಟ್ರೇಗಳು. ಒದ್ದೆ ಕೈಯಲ್ಲಿ ಒಣ ಭಾಗದ ಯಾವುದನ್ನೂ ಮುಟ್ಟಬಾರದು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದವರು ಹೆಗಲ ಮೇಲೆ ಸದಾ ಒಂದು ಟವೆಲು ಹಾಕಿಕೊಂಡೇ ಇರುತ್ತಿದ್ದರು. ಸ್ವಿಚ್ಚು ಮುಟ್ಟುವ ಮುಂಚೆ ಕೈ ಒರೆಸಲೇಬೇಕು. ಬಚ್ಚಲಿನಲ್ಲಿ ಕರೆಂಟಿನ ಕೆಲಸ ಮಾಡುವಾಗ ಇದು ಪ್ರಾಣದ ಪ್ರಶ್ನೆ. ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದ ಮೇಲಿಡದೆ ಎತ್ತರದಲ್ಲಿ ಕಟ್ಟಿ.

ಕೆಂಪು ದೀಪವನ್ನು ನಂಬಿ ಮೋಸಹೋಗಬೇಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಕೆಂಪು ಬಲ್ಬುಗಳು ನಮ್ಮ ಕಣ್ಣಿಗೆ ಕೆಂಪಾಗಿ ಕಂಡರೂ ಪೇಪರಿಗೆ ತಾಕುವ ಹಸಿರು, ನೀಲಿ ಬೆಳಕನ್ನು ಸ್ವಲ್ಪ ಸೋರಿಸುತ್ತಿರುತ್ತವೆ. ಪರೀಕ್ಷೆ ಸುಲಭ. ಒಂದು ತುಂಡು ಪೇಪರಿಗೆ ಎನ್‌ಲಾರ್ಜರಿನ ಬೆಳಕನ್ನು ಕ್ಷಣಮಾತ್ರ ಬಿಡಿ, ತೊಳೆದಾಗ ತಿಳಿ ಬೂದು ಬರುವಷ್ಟು. ಅದನ್ನು ತೊಳೆಯದೆ, ಅದರ ಮೇಲೆ ಒಂದು ನಾಣ್ಯವಿಟ್ಟು, ಕೆಂಪು ದೀಪದಡಿ ಐದಾರು ನಿಮಿಷ ಬಿಡಿ. ಆಮೇಲೆ ಡೆವಲಪ್ ಮಾಡಿ. ನಾಣ್ಯದ ಗುಂಡು ಗುರುತು ಬಿತ್ತೋ, ಆ ದೀಪ ಬೇಡ. ಬೆಳಕು ತಾಕದ ಹೊಸ ಪೇಪರಿನ ಮೇಲೆ ಈ ಪರೀಕ್ಷೆ ಮಾಡಿದರೆ ಸಣ್ಣ ಸೋರಿಕೆ ತಿಳಿಯುವುದಿಲ್ಲ. ಮೊದಲೇ ಸ್ವಲ್ಪ ಬೆಳಕು ತಿಂದ ಪೇಪರು ಸೂಕ್ಷ್ಮ, ಚೂರು ಬೆಳಕು ಬಿದ್ದರೂ ತೋರಿಸಿಕೊಡುತ್ತದೆ.

ಎನ್‌ಲಾರ್ಜರ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ನಿಮ್ಮ ಊರಿನ ಹಳೇ ಸ್ಟುಡಿಯೋದ ಅಟ್ಟದಲ್ಲಿ. ಬಣ್ಣದ ಲ್ಯಾಬುಗಳು, ಅವುಗಳ ಹಿಂದೆಯೇ ಡಿಜಿಟಲ್ ಬಂದ ಮೇಲೆ ಊರೂರಿನ ಸ್ಟುಡಿಯೋಗಳು ಡಾರ್ಕ್‌ರೂಮನ್ನು ಗೋಡೌನು ಮಾಡಿಕೊಂಡವು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆ ಶುರು ಮಾಡಿ, ‘ಇಂದು’ ಹೆಸರಿನಲ್ಲಿ ಫಿಲಂ, ಪೇಪರು ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಮುಚ್ಚಿಹೋಯಿತು. ಯಂತ್ರಗಳು ಮಾತ್ರ ಇನ್ನೂ ಕೆಲವು ಕಡೆ ಉಳಿದಿವೆ, ಗುಜರಿಯವನು ಬರುವ ತನಕ. ಹೋಗಿ ಕೇಳಿ. ಕೇಳುವ ರೀತಿಯೂ ಮುಖ್ಯ. ಒಳಗೆ ಹೋದವರೇ ‘ಹಳೇ ಎನ್‌ಲಾರ್ಜರ್ ಎಷ್ಟಕ್ಕೆ ಕೊಡ್ತೀರಾ’ ಎನ್ನಬೇಡಿ. ನಿಮ್ಮ ನೆಗೆಟಿವ್ ಜೊತೆಗೆ ಒಯ್ಯಿರಿ. ‘ಸಾರ್, ನಾನು ತೆಗೆದಿದ್ದು, ಒಂಚೂರು ನೋಡಿ ಹೇಳ್ತೀರಾ’ ಎಂದು ಕೈಗೆ ಕೊಡಿ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಅಂಚಿನಲ್ಲಿ ಮಾತ್ರ ಹಿಡಿದು, ಓರೆ ಮಾಡಿ ನೋಡುವ ಬಗೆಯನ್ನು ಗಮನಿಸಿ. ‘ನೆರಳಲ್ಲಿ ಏನೂ ಇಲ್ಲ ಕಣಪ್ಪ, ಇನ್ನೊಂದು ಸ್ಟಾಪ್ ಕೊಡಬೇಕಿತ್ತು’ ಅಂತಲೋ, ‘ಜಾಸ್ತಿ ತೊಳೆದುಬಿಟ್ಟಿದ್ದಾರೆ, ಬಿಳಿ ಕಟ್ಟಿಕೊಂಡಿದೆ’ ಅಂತಲೋ ಒಂದೇ ಮಾತಿನಲ್ಲಿ ಹೇಳುತ್ತಾರೆ. ಮೊದಲ ಪಾಠ ಅಲ್ಲೇ, ನಿಂತಲ್ಲೇ ಆಗುತ್ತದೆ. ಮದುವೆ ಆಲ್ಬಮ್, ಪಾಸ್‌ಪೋರ್ಟ್ ಫೋಟೋ ಎಂದು ಜೀವಮಾನವಿಡೀ ಪ್ರಿಂಟು ಹಾಕಿದ ಈ ಕೈಗಳಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಅವರಿಗೆ ವಯಸ್ಸಾಗುತ್ತಿದೆ. ತಡ ಮಾಡಬೇಡಿ.

ಸಿಕ್ಕ ಎನ್‌ಲಾರ್ಜರನ್ನು ಹೀಗೆ ನೋಡಿಕೊಳ್ಳಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯೇ ನೋಡಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸಿಗೆ ಇದು ಬಂದೇ ಬರುತ್ತದೆ. ಲೆನ್ಸ್ ಹಾಳಾಗಿದ್ದರೂ ಚಿಂತೆಯಿಲ್ಲ, ಬೇರೆ ಹಾಕಬಹುದು. 35 ಎಂಎಂ ರೀಲಿಗೆ 50 ಎಂಎಂ ಲೆನ್ಸ್, ಯಾಶಿಕಾ ಟ್ವಿನ್ ಲೆನ್ಸಿನ 6×6 ನೆಗೆಟಿವ್‌ಗೆ 75 ಅಥವಾ 80 ಎಂಎಂ ಬೇಕು. ಬೆಲ್ಲೋಸಿನಲ್ಲಿ ತೂತಿದ್ದರೆ ಕಪ್ಪು ಟೇಪು ಸಾಕು. ಕಂಡೆನ್ಸರ್ ಗಾಜು ಒಡೆದಿರಬಾರದು, ಕಂಬ ಅಲುಗಾಡಬಾರದು. ನೆಗೆಟಿವ್ ಹಿಡಿಯುವ ಕ್ಯಾರಿಯರ್ ಜೊತೆಗೇ ಇದೆಯೇ ಕೇಳಿ ಪಡೆಯಿರಿ, ಅದು ಕಳೆದುಹೋದರೆ ಹುಡುಕುವುದು ಕಷ್ಟ. ನಮ್ಮ ಊರುಗಳಲ್ಲಿ ಸಂಜೆ ಹೊತ್ತು ವೋಲ್ಟೇಜು ಇಳಿಯುತ್ತದೆ, ಇಳಿದರೆ ಬಲ್ಬಿನ ಬೆಳಕೂ ಇಳಿದು ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಹಳೇ ಸ್ಟುಡಿಯೋಗಳು ಎನ್‌ಲಾರ್ಜರಿಗೆ ಸ್ಟೆಬಿಲೈಸರ್ ಇಟ್ಟುಕೊಳ್ಳುತ್ತಿದ್ದುದು ಅದಕ್ಕೇ.

ಯಂತ್ರ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪೇಪರಿನ ಮೇಲೆ ನೆಗೆಟಿವ್‌ಗಳನ್ನು ಸಾಲಾಗಿ ಜೋಡಿಸಿ, ಮೇಲೊಂದು ಗಾಜು ಒತ್ತಿ, ಎತ್ತರದಲ್ಲಿ ತೂಗುಬಿಟ್ಟ ಸಣ್ಣ ಬಲ್ಬನ್ನು ಕ್ಷಣಕಾಲ ಹಚ್ಚಿ ಆರಿಸಿದರೆ ಕಾಂಟ್ಯಾಕ್ಟ್ ಪ್ರಿಂಟು ಆಯಿತು. ಆರಾರು ಫ್ರೇಮಿನ ಆರು ತುಂಡು ಮಾಡಿದರೆ 36 ಚಿತ್ರಗಳ ಇಡೀ ರೀಲು 8×10 ಇಂಚಿನ ಒಂದೇ ಹಾಳೆಗೆ ಬರುತ್ತದೆ. ಯಾವ ನೆಗೆಟಿವ್ ದೊಡ್ಡದು ಮಾಡಲು ಯೋಗ್ಯ ಎಂಬುದನ್ನು ಫೋನಿನ ಪರದೆಗಿಂತ ಈ ಹಾಳೆ ಚೆನ್ನಾಗಿ ಹೇಳುತ್ತದೆ.

ಪೇಪರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ವರ್ಷ ಆರ್‌ಸಿ ಪೇಪರೇ ಸಾಕು. ಎರಡೂ ಬದಿಗೆ ಪ್ಲಾಸ್ಟಿಕ್ ಲೇಪವಿರುವ ಈ ಪೇಪರು ರಾಸಾಯನಿಕವನ್ನು ಹೀರುವುದಿಲ್ಲ, ಹರಿಯುವ ನೀರಿನಲ್ಲಿ ಎರಡೇ ನಿಮಿಷದಲ್ಲಿ ಶುದ್ಧವಾಗುತ್ತದೆ, ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟರೆ ಸೊಟ್ಟಗಾಗದೆ ಒಣಗುತ್ತದೆ. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರಿನ ಅಂದವೇ ಬೇರೆ, ಒಪ್ಪುತ್ತೇನೆ. ಆದರೆ ಅದನ್ನು ತೊಳೆಯಲು ಒಂದು ಗಂಟೆ ನೀರು ಹರಿಯಬೇಕು, ಟ್ಯಾಂಕರಿಗೆ ಕಾಯುವ ಬೀದಿಗಳಲ್ಲಿ ಕಲಿಯುವ ಕೆಲಸಕ್ಕೆ ಅಷ್ಟು ನೀರು ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ. ಇಂಗ್ಲೆಂಡಿನ ಇಲ್‌ಫರ್ಡ್, ಜೆಕ್ ದೇಶದ ಫೋಮಾ, ಇವೆರಡರ ಪೇಪರು ಇಲ್ಲೂ ತರಿಸಿಕೊಳ್ಳಬಹುದು. ಕೊಳ್ಳುವಾಗ ಮಲ್ಟಿಗ್ರೇಡ್ ಬಗೆಯದೇ ಕೊಳ್ಳಿ. ಇಲ್‌ಫರ್ಡಿನವರು 1940ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿದ್ದರು. ಹಿಂದೆ ಮೆತ್ತನೆಯ ಚಿತ್ರಕ್ಕೆ ಒಂದು ಪೇಪರು, ಗಡುಸಾದದ್ದಕ್ಕೆ ಇನ್ನೊಂದು ಎಂದು ನಾಲ್ಕೈದು ಡಬ್ಬ ಇಡಬೇಕಿತ್ತು. ಮಲ್ಟಿಗ್ರೇಡ್ ಪೇಪರಿನಲ್ಲಿ ಹಸಿರು ಬೆಳಕು ಮೆತ್ತನೆಯ ಚಿತ್ರ ಕೊಡುತ್ತದೆ, ನೀಲಿ ಬೆಳಕು ಗಡುಸು ಚಿತ್ರ ಕೊಡುತ್ತದೆ. ಹಾಗಾಗಿ ಹಳದಿಯಿಂದ ಮೆಜೆಂಟಾವರೆಗಿನ ಫಿಲ್ಟರುಗಳನ್ನು ಬದಲಿಸಿ ಒಂದೇ ಡಬ್ಬದ ಪೇಪರಿನಲ್ಲಿ 00ರಿಂದ 5ರವರೆಗಿನ ಎಲ್ಲ ಗ್ರೇಡೂ ತೆಗೆಯಬಹುದು. 5×7 ಇಂಚಿನ ಹಾಳೆ ಕಲಿಯಲು ಹಿತವಾದ ಅಳತೆ. ಅಟ್ಟದಲ್ಲಿ ಸಿಕ್ಕ ಹಳೇ ಪೇಪರಿನ ಆಸೆ ಬೇಡ. ಬಹಳಷ್ಟು ಮಂಕು ಹಿಡಿದಿರುತ್ತದೆ, ತಪ್ಪು ನಿಮ್ಮದೋ ಪೇಪರಿನದೋ ತಿಳಿಯದೆ ಒದ್ದಾಡುತ್ತೀರಿ.

ರಾಸಾಯನಿಕಗಳನ್ನು ಸಿದ್ಧ ಪುಡಿಯಾಗಿಯೋ ದ್ರವವಾಗಿಯೋ ಕೊಳ್ಳಬಹುದು. ನೀವೇ ಬೆರೆಸಿಕೊಂಡರೆ ಅಗ್ಗ. ಕಾಲೇಜು ಪ್ರಯೋಗಾಲಯಗಳಿಗೆ ಸರಕು ಕೊಡುವ ಅಂಗಡಿಯಲ್ಲಿ ಬೇಕಾದದ್ದು ಸಿಗುತ್ತದೆ. ಕೊಡಕ್ ಕಂಪನಿ ಬಹಳ ಹಿಂದೆಯೇ ಪ್ರಕಟಿಸಿದ ಡಿ-72 ಎಂಬ ಡೆವಲಪರ್ ಸೂತ್ರ ಇವತ್ತಿಗೂ ಪ್ರಿಂಟಿಗೆ ಭರವಸೆಯದು. ಮುಕ್ಕಾಲು ಲೀಟರ್ ಬೆಚ್ಚಗಿನ ನೀರಿನಲ್ಲಿ ಮೊದಲು ಮೆಟಾಲ್ 3 ಗ್ರಾಂ ಕರಗಿಸಿ. ಅದು ಪೂರ್ತಿ ಕರಗಿದ ಮೇಲೆ ಸೋಡಿಯಂ ಸಲ್ಫೈಟ್ 45 ಗ್ರಾಂ, ಆಮೇಲೆ ಹೈಡ್ರೋಕ್ವಿನೋನ್ 12 ಗ್ರಾಂ, ನಂತರ ಸೋಡಿಯಂ ಕಾರ್ಬೊನೇಟ್ ಮಾನೋಹೈಡ್ರೇಟ್ 80 ಗ್ರಾಂ, ಕೊನೆಗೆ ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ ಹಾಕಿ, ನೀರು ಬೆರೆಸಿ ಒಂದು ಲೀಟರ್ ಮಾಡಿಕೊಳ್ಳಿ. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು. ಪುಡಿಗಳನ್ನು ಹಾಕುವ ಕ್ರಮ ಹಿಂದುಮುಂದಾಗಬಾರದು. ಸಲ್ಫೈಟ್ ಮೊದಲು ಹೋದರೆ ಮೆಟಾಲ್ ಕರಗಲು ಸತಾಯಿಸುತ್ತದೆ. ಬೋರ್‌ವೆಲ್ ನೀರು ನಮ್ಮಲ್ಲಿ ಹೆಚ್ಚು ಕಡೆ ಗಡಸು, ಬಾಟಲಿನ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಡೆವಲಪರಿಗೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಮೊದಲ ಟ್ರೇ ಈ ಡೆವಲಪರಿನದು, ಎರಡನೆಯದು ಸ್ಟಾಪ್ ಬಾತ್. ಅಡುಗೆಯ ಬಿಳಿ ವಿನಿಗರಿಗೆ ಮೂರು ಪಾಲು ನೀರು ಬೆರೆಸಿದರೆ ಸಾಕು. ಗಾಢವಾದ ಅಸಿಟಿಕ್ ಆಸಿಡ್ ತಂದಿದ್ದರೆ ಆಸಿಡ್ಡನ್ನು ನೀರಿಗೆ ಹಾಕಿ, ನೀರನ್ನು ಆಸಿಡ್ಡಿಗೆ ಹಾಕಲೇಬೇಡಿ. ಮೂರನೆಯದು ಫಿಕ್ಸರ್, ಸ್ಟುಡಿಯೋದವರ ಮಾತಿನಲ್ಲಿ ಹೈಪೋ. ಬೆಳಕು ತಾಕದ ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲಿ, ಇನ್ನೂ ಫೋಟೋಗ್ರಫಿಯೇ ಹುಟ್ಟದ ಕಾಲದಲ್ಲಿ, ಕಂಡುಕೊಂಡಿದ್ದರು. ಲೀಟರಿಗೆ ಹೈಪೋ ಹರಳು 240 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ಸೋಡಿಯಂ ಮೆಟಾಬೈಸಲ್ಫೈಟ್ 25 ಗ್ರಾಂ. ಹರಳು ಕರಗುತ್ತಾ ಪಾತ್ರೆ ಮುಟ್ಟಿದರೆ ಕೊರೆಯುವಷ್ಟು ತಣ್ಣಗಾಗುತ್ತದೆ, ಅದಕ್ಕೆ ಬಿಸಿನೀರಿನಲ್ಲೇ ಶುರು ಮಾಡಿ. ಈ ಕೆಲಸಕ್ಕೆ ಬಳಸಿದ ಪಾತ್ರೆ, ಚಮಚ, ಜಗ್ಗು ಮತ್ತೆ ಅಡುಗೆಮನೆಗೆ ಹೋಗಕೂಡದು. ಬಾಟಲಿಗಳ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು, ತಾರೀಖು ಬರೆಯಿರಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಇಕ್ಕಳವೋ ಗ್ಲೌಸೋ ಇಲ್ಲದೆ ಟ್ರೇಗೆ ಬೆರಳು ಅದ್ದಬೇಡಿ. ಗಾಳಿಯಾಡಲು ಆಗಾಗ ಬಾಗಿಲು ತೆಗೆಯಿರಿ, ಪೇಪರಿನ ಡಬ್ಬ ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು.

ಎಲ್ಲ ಸೂತ್ರಗಳೂ 20 ಡಿಗ್ರಿ ಎಂದು ಹೇಳುತ್ತವೆ. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ನಲ್ಲಿ ತಿರುಗಿಸಿದರೆ ಬರುವ ನೀರು ಎಷ್ಟು ಬಿಸಿ ಎಂಬುದು ನಿಮಗೇ ಗೊತ್ತು. ಬಿಸಿ ಹೆಚ್ಚಿದಷ್ಟೂ ಡೆವಲಪರ್ ಆತುರ ಮಾಡುತ್ತದೆ, ಚಿತ್ರ ನೋಡನೋಡುತ್ತಲೇ ಕಪ್ಪಾಗುತ್ತದೆ, ಬಿಳಿ ಜಾಗಕ್ಕೂ ಮಂಕು ಕವಿಯುತ್ತದೆ. ದ್ರಾವಣಕ್ಕೆ ಬೆರೆಸುವ ನೀರನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟಿರಿ. ಡೆವಲಪರ್ ಟ್ರೇಯನ್ನು ಇನ್ನೂ ದೊಡ್ಡ ಟ್ರೇಯಲ್ಲಿಟ್ಟು ಸುತ್ತ ಐಸ್ ನೀರು ಹಾಕಿ. 24 ಡಿಗ್ರಿಯಲ್ಲಿ ನಿಂತರೂ ಕೆಲಸ ನಡೆಯುತ್ತದೆ, ಇಡೀ ರಾತ್ರಿ ಅಷ್ಟರಲ್ಲೇ ನಿಲ್ಲಬೇಕು ಎನ್ನುವುದು ಮುಖ್ಯ.

ಈಗ ಪ್ರಿಂಟು. ಮೊದಲ ನೆಗೆಟಿವ್ ಆರಿಸುವಾಗ ನಿಮ್ಮ ಅತ್ಯಂತ ಪ್ರೀತಿಯ ಚಿತ್ರವನ್ನು ಬದಿಗಿಡಿ. ಬಿಳಿ ಪಂಚೆಯೋ ಗೋಡೆಯೋ, ಜೊತೆಗೆ ಕಪ್ಪು ಕೂದಲೋ ನೆರಳೋ, ನಡುವೆ ಚರ್ಮದ ಬಣ್ಣ, ಇವೆಲ್ಲ ಇರುವ ಸಾದಾ ಹಗಲು ಬೆಳಕಿನ ಚಿತ್ರ ಒಳ್ಳೆಯದು. ಜಗಲಿಯ ಮೇಲೆ ಕೂತ ಅಜ್ಜನ ಚಿತ್ರ ಎಂದಿಟ್ಟುಕೊಳ್ಳೋಣ. ನೆಗೆಟಿವ್‌ನ ಮಂಕು ಬದಿ, ಅಂದರೆ ಎಮಲ್ಷನ್ ಇರುವ ಬದಿ, ಕೆಳಮುಖವಾಗಿರಲಿ. ಧೂಳು ಊದುಗುಬ್ಬಿಯಿಂದ ತೆಗೆಯಿರಿ, ಬಾಯಿಂದ ಊದಿದರೆ ಎಂಜಲು ಬೀಳುತ್ತದೆ. ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಎಫ್-8ಕ್ಕೆ ಇಳಿಸಿ. ಗ್ರೇಡ್ 2ರ ಫಿಲ್ಟರ್ ಹಾಕಿ.

ಪೂರ್ತಿ ಹಾಳೆಗೆ ಕೈ ಹಾಕುವ ಮುಂಚೆ ಟೆಸ್ಟ್ ಸ್ಟ್ರಿಪ್. ಎರಡು ಬೆರಳಗಲದ ಪೇಪರು ಪಟ್ಟಿಯನ್ನು ಅಜ್ಜನ ಮುಖ, ಅಂಗಿ, ಹಿಂದಿನ ಬಾಗಿಲು ಮೂರೂ ಬರುವಂತೆ ಇಡಿ. ಇಡೀ ಪಟ್ಟಿಗೆ 4 ಸೆಕೆಂಡು ಬೆಳಕು ಕೊಡಿ. ಒಂದು ಭಾಗವನ್ನು ರಟ್ಟಿನಿಂದ ಮುಚ್ಚಿ ಉಳಿದದ್ದಕ್ಕೆ 2 ಸೆಕೆಂಡು, ಇನ್ನೊಂದು ಭಾಗ ಮುಚ್ಚಿ 3, ಮತ್ತೊಂದು ಮುಚ್ಚಿ 4, ಕೊನೆಯದಕ್ಕೆ 7. ಈಗ ಪಟ್ಟಿಯಲ್ಲಿ 4, 6, 9, 13, 20 ಸೆಕೆಂಡಿನ ಐದು ಮೆಟ್ಟಿಲುಗಳಾದವು. ಎಷ್ಟೋ ಪುಸ್ತಕಗಳು 5, 10, 15, 20 ಎಂದು ಸಮನಾಗಿ ಏರಿಸಲು ಹೇಳುತ್ತವೆ. ನನಗದು ಒಪ್ಪಿಗೆಯಿಲ್ಲ. 5ರಿಂದ 10ಕ್ಕೆ ಬೆಳಕು ಎರಡು ಪಟ್ಟಾಗುತ್ತದೆ, 15ರಿಂದ 20ಕ್ಕೆ ಮೂರನೇ ಒಂದು ಪಾಲು ಮಾತ್ರ ಹೆಚ್ಚುತ್ತದೆ, ಕಣ್ಣಿಗೆ ಮೆಟ್ಟಿಲು ಸಮವಾಗಿ ಕಾಣುವುದಿಲ್ಲ. ಪ್ರತಿ ಮೆಟ್ಟಿಲೂ ಹಿಂದಿನದರ ಒಂದೂವರೆ ಪಟ್ಟಿನಷ್ಟಿದ್ದರೆ ತೀರ್ಮಾನ ಸುಲಭ.

ಪಟ್ಟಿಯನ್ನು ಡೆವಲಪರಿಗೆ ಒಂದೇ ಸಲಕ್ಕೆ ಜಾರಿಸಿ, ಟ್ರೇಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಇಳಿಸುತ್ತಿರಿ. ಹದಿನೈದಿಪ್ಪತ್ತು ಸೆಕೆಂಡಿಗೆ ಮೊದಲು ಬಾಗಿಲ ಕತ್ತಲು ಮೂಡುತ್ತದೆ, ಹಿಂದೆಯೇ ಕಣ್ಣು, ಮೀಸೆಯ ಅಂಚು. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಕೆಂಪು ಬೆಳಕಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ, ಅಯ್ಯೋ ಜಾಸ್ತಿಯಾಯಿತು ಎಂದು ಕೈ ತಾನಾಗಿ ಇಕ್ಕಳದ ಕಡೆ ಹೋಗುತ್ತದೆ. ಎತ್ತಬೇಡಿ. ಪಾಕ ಏರುವ ಮೊದಲೇ ಒಲೆಯಿಂದ ಇಳಿಸಿದ ಮೈಸೂರು ಪಾಕಿನ ಗತಿಯೇ ಬೇಗ ಎತ್ತಿದ ಪ್ರಿಂಟಿಗೂ. ಕಪ್ಪು ಕಪ್ಪಾಗದೆ ಕೆಸರು ಬಣ್ಣಕ್ಕೆ ನಿಲ್ಲುತ್ತದೆ. ಆರ್‌ಸಿ ಪೇಪರಿಗೆ ಒಂದೂವರೆ ನಿಮಿಷ ಎಂದು ಇಟ್ಟುಕೊಂಡರೆ ಅದು ಪ್ರತಿ ಸಲವೂ ಒಂದೂವರೆ ನಿಮಿಷವೇ. ಸ್ಟಾಪ್ ಬಾತಿನಲ್ಲಿ ಹದಿನೈದು ಸೆಕೆಂಡು, ಮೇಲೆ ಹೇಳಿದ ಹೈಪೋದಲ್ಲಿ ಐದು ನಿಮಿಷ. ಹೈಪೋದಲ್ಲಿ ಒಂದೆರಡು ನಿಮಿಷ ಕಳೆದ ಮೇಲೆ ಪೇಪರಿನ ಡಬ್ಬ ಮುಚ್ಚಿ ಬಿಳಿ ದೀಪ ಹಾಕಬಹುದು.

ಪಟ್ಟಿ ನೋಡುವ ಕ್ರಮ ಹೀಗೆ. ಮೊದಲು ಬಿಳಿ ನೋಡಿ. ಅಜ್ಜನ ಅಂಗಿಯಲ್ಲಿ ಬಟ್ಟೆಯ ಮಡಿಕೆ ಕಾಣುತ್ತಲೇ ಅದು ಇನ್ನೂ ಬಿಳಿಯೆನ್ನಿಸುವ ಮೆಟ್ಟಿಲು ಯಾವುದು? ಅದೇ ನಿಮ್ಮ ಸಮಯ, 9 ಸೆಕೆಂಡು ಎನ್ನೋಣ. ಆಮೇಲೆ ಅದೇ ಮೆಟ್ಟಿಲಿನಲ್ಲಿ ಕಪ್ಪು ನೋಡಿ. ಬಾಗಿಲ ನೆರಳು ಬೂದು ಬೂದಾಗಿದ್ದರೆ ಗ್ರೇಡು ಏರಿಸಿ, 3ಕ್ಕೆ ಹೋಗಿ. ನೆರಳೆಲ್ಲ ಒಂದೇ ಕಪ್ಪು ಮುದ್ದೆಯಾಗಿದ್ದರೆ 1ಕ್ಕೆ ಇಳಿಸಿ. ಸಮಯ ಬಿಳಿಯನ್ನು ಆಳುತ್ತದೆ, ಗ್ರೇಡು ಕಪ್ಪನ್ನು ಆಳುತ್ತದೆ. ಹೊಸಬರು ಎರಡನ್ನೂ ಒಟ್ಟಿಗೆ ಬದಲಿಸಿ ದಾರಿ ತಪ್ಪುತ್ತಾರೆ. ಇಲ್‌ಫರ್ಡ್ ಫಿಲ್ಟರುಗಳಲ್ಲಿ 4, 4½, 5ಕ್ಕೆ ಹೋದರೆ ಸಮಯವನ್ನು ಎರಡು ಪಟ್ಟು ಮಾಡಬೇಕು, ಅಲ್ಲಿಯವರೆಗೆ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಮಾತು: ಒದ್ದೆಯಿದ್ದಾಗ ಹೊಳೆಯುವ ಬಿಳಿ ಒಣಗಿದ ಮೇಲೆ ಒಂದು ಎಳೆ ಮಂಕಾಗುತ್ತದೆ. ಪಟ್ಟಿಯನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿ, ಹೊರಗೆ ತಂದು, ಸಾಮಾನ್ಯ ದೀಪದಡಿ ನೋಡಿ ತೀರ್ಮಾನಿಸಿ.

ಮೊದಲ ಪೂರ್ತಿ ಪ್ರಿಂಟು ಬಂದಾಗ ಖುಷಿಪಡಿ, ಗೋಡೆಗೆ ಅಂಟಿಸಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಹಿಂದಿನ ಗೋಡೆ ಮುಖಕ್ಕಿಂತ ಬೆಳ್ಳಗಿದ್ದು ಕಣ್ಣು ಅಲ್ಲಿಗೇ ಓಡುತ್ತಿರಬಹುದು. ಆಗ ಬರ್ನಿಂಗ್: ಮುಖಕ್ಕೆ ಬೇಕಾದ 9 ಸೆಕೆಂಡು ಮುಗಿದ ಮೇಲೆ ರಟ್ಟಿನ ತೂತಿನಿಂದ ಗೋಡೆಗೆ ಮಾತ್ರ ಇನ್ನೊಂದು 4 ಸೆಕೆಂಡು ಬೆಳಕು ಬಿಡಿ. ಟೋಪಿಯ ನೆರಳಿನಲ್ಲಿ ಕಣ್ಣು ಮುಳುಗಿದ್ದರೆ ಡಾಡ್ಜಿಂಗ್: ತೆಳು ತಂತಿಯ ತುದಿಗೆ ನಾಣ್ಯದಗಲ ರಟ್ಟು ಅಂಟಿಸಿ, 9 ಸೆಕೆಂಡಿನಲ್ಲಿ 2 ಸೆಕೆಂಡು ಆ ಜಾಗಕ್ಕೆ ನೆರಳು ಹಿಡಿಯಿರಿ. ಕೈ ನಿಂತಲ್ಲೇ ನಿಲ್ಲಬಾರದು, ನಿಂತರೆ ಅಂಚು ಗೆರೆಯಾಗಿ ಬೀಳುತ್ತದೆ. ಸ್ಟುಡಿಯೋದ ಹಿರಿಯರು ರಟ್ಟು ಗಿಟ್ಟು ಏನೂ ಇಲ್ಲದೆ ಎರಡು ಅಂಗೈ ಸೇರಿಸಿ, ಬೆರಳ ಸಂದಿಯನ್ನು ಹಿಗ್ಗಿಸಿ ಕುಗ್ಗಿಸಿ ಇದನ್ನು ಮಾಡುತ್ತಿದ್ದರು. ಆ ಬೆರಳುಗಳ ಓಡಾಟವನ್ನು ಒಮ್ಮೆ ಹತ್ತಿರ ನಿಂತು ನೋಡಿಬಿಟ್ಟರೆ ವರ್ಷದ ಪಾಠ ಒಂದೇ ಸಂಜೆಗೆ ಆಗುತ್ತದೆ. ಮಾಡಿದ್ದನ್ನೆಲ್ಲ ಪ್ರಿಂಟಿನ ಹಿಂದೆ ಬರೆದಿಡಿ: ಎನ್‌ಲಾರ್ಜರಿನ ಎತ್ತರ, ಎಫ್ ಸಂಖ್ಯೆ, ಗ್ರೇಡು, ಸೆಕೆಂಡು, ಎಲ್ಲೆಲ್ಲಿ ಎಷ್ಟೆಷ್ಟು. ಎತ್ತರ ಬರೆಯುವುದು ಯಾಕೆಂದರೆ, 35 ಎಂಎಂ ನೆಗೆಟಿವನ್ನು 5×7ರಿಂದ 8×10ಕ್ಕೆ ಹಿಗ್ಗಿಸಿದರೆ ಸಮಯ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ.

ಒಂದೇ ನೆಗೆಟಿವ್ ಹಿಡಿದು ತಿಂಗಳು ಕೂರಿ ಎಂದೆ. ಬೇಸರವಾಗುತ್ತದೆ ಎಂದು ನೀವು ಹೇಳಬಹುದು. ದಿನಕ್ಕೊಂದು ಹೊಸ ನೆಗೆಟಿವ್ ಹಾಕಿದವರು ಚಿತ್ರ ಬದಲಾದದ್ದಕ್ಕೆ ಪ್ರಿಂಟು ಬದಲಾಯಿತೋ, ತಮ್ಮ ಕೈ ಬದಲಾದದ್ದಕ್ಕೋ ತಿಳಿಯದೆ ಹೋಗುತ್ತಾರೆ. ಅಜ್ಜನ ಅದೇ ಚಿತ್ರವನ್ನು ಮೆತ್ತಗೆ, ಗಡುಸಾಗಿ, ಕತ್ತಲಾಗಿ, ಬೆಳ್ಳಗೆ ಹಾಕಿ ಸಾಲಾಗಿಟ್ಟು ನೋಡಿದವರಿಗೆ ಮುಂದಿನ ಸಲ ಜಗಲಿಯ ಎದುರು ಕ್ಯಾಮೆರಾ ಹಿಡಿದಾಗಲೇ ಬಾಗಿಲ ನೆರಳಿಗೆ ಇನ್ನೊಂದು ಸ್ಟಾಪ್ ಬೇಕೆಂದು ಹೊಳೆಯುತ್ತದೆ. ಹೀಗೆ ಎಕ್ಸ್‌ಪೋಷರ್ ಕೂಡ ಡಾರ್ಕ್‌ರೂಮಿನಲ್ಲೇ ಕಲಿಯುತ್ತೀರಿ.

ಕೊನೆಗೆ ಖರ್ಚು ಮತ್ತು ಕಸದ ಮಾತು. ಒಬ್ಬರೇ ಹೊರಲು ಇದು ಭಾರ, ಅದಕ್ಕೇ ನಿಮ್ಮೆಲ್ಲರನ್ನೂ ಒಟ್ಟಿಗೆ ಉದ್ದೇಶಿಸಿ ಬರೆದಿದ್ದೇನೆ. ಒಂದೇ ಊರಿನ ಮೂರು ನಾಲ್ಕು ಮಂದಿ ಸೇರಿ. ಎನ್‌ಲಾರ್ಜರ್ ಒಂದು, ನೂರು ಹಾಳೆಯ ಡಬ್ಬ ಒಂದು, ಬಚ್ಚಲು ಯಾರ ಮನೆಯದು ದೊಡ್ಡದೋ ಅವರದು. ಬೆರೆಸಿದ ಡೆವಲಪರ್ ಟ್ರೇಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಬಾಳುವುದಿಲ್ಲ, ನಾಲ್ವರು ಸೇರಿ ಬಳಸಿದರೆ ಅದು ಚೆಲ್ಲಿಹೋಗುವುದಿಲ್ಲ. ಹೈಪೋ ಮಾತ್ರ ಬಳಸಿದಷ್ಟೂ ಬೆಳ್ಳಿ ತುಂಬಿಕೊಳ್ಳುತ್ತದೆ. ಉಜ್ಜಿ ಹೊಳಪು ಮಾಡಿದ ತಾಮ್ರದ ತಂತಿಯನ್ನು ಅದರಲ್ಲಿ ಅದ್ದಿದಾಗ ಬೆಳ್ಳಗೆ ಬೆಳ್ಳಿ ಹತ್ತಿತೆಂದರೆ ಅದರಲ್ಲಿ ಬೆಳ್ಳಿ ಸಾಕಷ್ಟು ಸೇರಿದೆ, ಹೊಸದು ಬೆರೆಸಿಕೊಳ್ಳಿ. ಹಳೆಯದನ್ನು ಬಾವಿಯ ಹತ್ತಿರ, ಗಿಡದ ಬುಡಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಸುರಿಯಬೇಡಿ, ಅಲ್ಲಿನ ಜೀವಾಣುಗಳಿಗೆ ಬೆಳ್ಳಿ ವಿಷ. ಹಿಂದೆ ಸ್ಟುಡಿಯೋಗಳಿಗೆ ಬೆಳ್ಳಿ ತೆಗೆಯುವವರು ಬಂದು ಹಳೇ ಹೈಪೋ ಕೊಂಡೊಯ್ಯುತ್ತಿದ್ದರು. ಈಗ ಬೆಳ್ಳಿಗಾಗಿ ಹಳೇ ಎಕ್ಸ್‌ರೇ ಫಿಲಂ ಕೊಳ್ಳುವವರನ್ನು ವಿಚಾರಿಸಿ. ಸಿಗುವವರೆಗೆ ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಡಿ, ಮೇಲೆ ‘ಹಳೇ ಹೈಪೋ’ ಎಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ.

ಇಂತಿ ನಿಮ್ಮ ಪ್ರಿಂಟು ನೋಡಲು ಕಾದಿರುವ
ಹಳೇ ಸ್ಟುಡಿಯೋ ಕೆಲಸಗಾರ